ದೊಡ್ಡ ಮ್ಯಾನೇಜರ್ ಕಣ್ಣಿಗೆ ಏನು ಬೀಳುತ್ತದೆ?

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ: "ಗೋಲು ಹೊಡೆಯುವುದು ಆಟಗಾರ. ಆ ಆಟಗಾರ ಆ ಹೊತ್ತಿಗೆ ಆ ಜಾಗದಲ್ಲಿ ಇರುವ ಹಾಗೆ ಮಾಡುವುದು ಮ್ಯಾನೇಜರ್." ಅಷ್ಟಕ್ಕೇ ರಾಶಿ ಪತ್ರಗಳು ಬಂದಿವೆ. ಕೆಲವರು ಹೌದು ಎಂದಿದ್ದಾರೆ. ಜಾಸ್ತಿ ಜನ ಜಗಳಕ್ಕೇ ನಿಂತಿದ್ದಾರೆ. ಫುಟ್‌ಬಾಲ್ ವಿಷಯದಲ್ಲಿ ಜಗಳ ನನಗೂ ಇಷ್ಟ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಸಲ ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ತಂತ್ರ, ಶಿಸ್ತು, ಮಾತುಗಾರಿಕೆ, ಅನುಭವ ಅಂತ ಎಲ್ಲರೂ ಪಟ್ಟಿ ಕೊಡುತ್ತಾರೆ. ದೊಡ್ಡ ಮ್ಯಾನೇಜರ್‌ಗೆ ಬೇಕಾದ ಒಂದೇ ಒಂದು ಗುಣ ಹೇಳಿ ನೋಡೋಣ. (ಒಬ್ಬ ಬ್ಯಾಂಕ್ ಉದ್ಯೋಗಿ)

ಉತ್ತರ: ಕಣ್ಣು. ಎಲ್ಲರೂ ದಿನಾ ನೋಡುತ್ತಿದ್ದರೂ ಯಾರಿಗೂ ಕಾಣದ್ದನ್ನು ಕಾಣುವ ಕಣ್ಣು. ಕಂಡ ಮೇಲೆ ಅದನ್ನು ನಂಬಿ ನಡೆಯುವ ಧೈರ್ಯ. ಇವೆರಡನ್ನೂ ನಾನು ಒಂದೇ ಗುಣ ಅಂತ ಲೆಕ್ಕ ಹಾಕುತ್ತೇನೆ. ಒಂದಿಲ್ಲದಿದ್ದರೆ ಇನ್ನೊಂದು ಕೆಲಸಕ್ಕೆ ಬರುವುದಿಲ್ಲ.

ಇಂಗ್ಲೆಂಡಿನ ಮ್ಯಾನೇಜರ್ ಬ್ರಿಯಾನ್ ಕ್ಲಫ್ ಅವರನ್ನೇ ತಗೊಳ್ಳಿ. 1975ರ ಜನವರಿಯಲ್ಲಿ ಅವರು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದಾಗ ಆ ಕ್ಲಬ್ ಇಂಗ್ಲೆಂಡಿನ ಎರಡನೇ ಡಿವಿಷನ್‌ನಲ್ಲಿ ಏಗುತ್ತಿತ್ತು. ತಂಡದಲ್ಲಿ ಜಾನ್ ರಾಬರ್ಟ್‌ಸನ್ ಎಂಬ ಆಟಗಾರ ಇದ್ದರು. ಮೈ ಬಂದಿತ್ತು, ಓಟ ನಿಧಾನ, ಸಿಗರೇಟಿನ ಚಟ ಬೇರೆ. ಕ್ಲಬ್ ಅವರನ್ನು ಮಾರಾಟದ ಪಟ್ಟಿಗೆ ಹಾಕಿತ್ತು. ನೋಡಿದವರು ಯಾರೂ ಇವರು ಫುಟ್‌ಬಾಲ್ ಆಟಗಾರ ಅಂತ ನಂಬುತ್ತಿರಲಿಲ್ಲ.

ಕ್ಲಫ್‌ಗೂ ಅವರ ಜೊತೆಗಾರ ಪೀಟರ್ ಟೇಲರ್‌ಗೂ ಬೇರೆಯೇ ಕಂಡಿತು. ಈ ಮನುಷ್ಯನ ಕಾಲಿಗೆ ಚೆಂಡು ಸಿಕ್ಕರೆ ಬೇರೆಯವರು ಕಿತ್ತುಕೊಳ್ಳುವುದು ಕಷ್ಟ. ಎರಡೂ ಕಾಲಿನಿಂದ ಕ್ರಾಸ್ ಹಾಕಬಲ್ಲರು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸಬಲ್ಲರು. ಎದುರಾಳಿಯನ್ನು ದಾಟಿ ಓಡಬೇಕಿಲ್ಲ, ಅರ್ಧ ಗಜ ಜಾಗ ಸಿಕ್ಕರೆ ಸಾಕು. ಸರಿ, ಮಧ್ಯದಿಂದ ತೆಗೆದು ಎಡಗಡೆಯ ಗೆರೆ ಹತ್ತಿರ ನಿಲ್ಲಿಸಿದರು. ಉಳಿದವರಿಗೆ ಸಿಕ್ಕ ಅಪ್ಪಣೆ ಸರಳವಾಗಿತ್ತು: ಚೆಂಡು ಸಿಕ್ಕಿತಾ, ರಾಬರ್ಟ್‌ಸನ್‌ಗೆ ಕೊಡಿ.

1977ರಲ್ಲಿ ಫಾರೆಸ್ಟ್ ಮೂರನೇ ಸ್ಥಾನ ಹಿಡಿದು ಮೇಲಿನ ಡಿವಿಷನ್‌ಗೆ ಬಂತು. ಬಂದ ಮೊದಲ ವರ್ಷವೇ, 1978ರಲ್ಲಿ, ಇಂಗ್ಲೆಂಡಿನ ಚಾಂಪಿಯನ್. 1979ರಲ್ಲಿ ಮ್ಯೂನಿಕ್‌ನಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್, ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ) ಫೈನಲ್, ಎದುರಾಳಿ ಮಾಲ್ಮೊ. ಅರ್ಧ ಆಟ ಮುಗಿಯುವ ಸ್ವಲ್ಪ ಮುಂಚೆ ರಾಬರ್ಟ್‌ಸನ್ ಎಡಗಡೆ ಇಬ್ಬರನ್ನು ದಾಟಿ ಕ್ರಾಸ್ ಹಾಕಿದರು. ಗೋಲಿನ ದೂರದ ಕಂಬದ ಹತ್ತಿರ ಟ್ರೆವರ್ ಫ್ರಾನ್ಸಿಸ್ ಚೆಂಡಿಗೆ ತಲೆ ಕೊಟ್ಟರು. 1-0. ಮರುವರ್ಷ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ವಿರುದ್ಧದ ಫೈನಲ್. ಅಲ್ಲೂ 1-0. ಆ ಗೋಲು ಹೊಡೆದವರು ಸ್ವತಃ ರಾಬರ್ಟ್‌ಸನ್.

ಅದೇ ತಂಡದ ಕೆನ್ನಿ ಬರ್ನ್ಸ್ ಕತೆಯೂ ಇಂಥದ್ದೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವವರು) ಆಗಿ ಆಡುತ್ತಿದ್ದರು, ಪುಂಡ ಎಂಬ ಹೆಸರಿತ್ತು. ಟೇಲರ್ ಸುಮ್ಮನೆ ಗಾಳಿಸುದ್ದಿ ನಂಬಲಿಲ್ಲ. ನಾಯಿ ಓಟದ ಪಂದ್ಯಗಳಿಗೆ ಬರ್ನ್ಸ್ ಹೋದಾಗ ಅವರ ಕಣ್ಣಿಗೆ ಬೀಳದ ಹಾಗೆ ಹಿಂದೆಯೇ ಹೋಗಿ ನೋಡಿ ಬಂದರು. ಆಮೇಲೆ ಕೊಂಡರು, ತಂದು ಡಿಫೆನ್ಸ್ ಮಧ್ಯದಲ್ಲಿ ನಿಲ್ಲಿಸಿದರು. 1978ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಅಂತ ಆರಿಸಿದ್ದು ಬರ್ನ್ಸ್ ಅವರನ್ನೇ.

ನಾನು ಕಣ್ಣು ಅನ್ನುವುದು ಇದನ್ನು. ಇಲ್ಲಿ ತಂತ್ರ ಎನ್ನುವಂಥದ್ದು ಏನಿದೆ ಹೇಳಿ? ಒಬ್ಬ ಮನುಷ್ಯ ಏನು ಮಾಡಬಲ್ಲ ಅಂತ ಮೊದಲು ನೋಡಿದರು. ಅವನಿಗೆ ಏನು ಬರುವುದಿಲ್ಲ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಪ್ರಶ್ನೆ: ಸ್ವತಃ ದೊಡ್ಡ ಆಟಗಾರ ಆಗಿರದವರ ಮಾತನ್ನು ದೊಡ್ಡ ಆಟಗಾರರು ಯಾಕೆ ಕೇಳಬೇಕು? (ಕಾಲೇಜು ತಂಡದ ನಾಯಕ)

ಉತ್ತರ: ಕೇಳಲೇಬೇಕು ಅಂತ ಕಾನೂನಿಲ್ಲ. ಕೇಳುವ ಹಾಗೆ ಮಾಡಬೇಕು.

ಇಟಲಿಯ ಕೋಚ್ ಅರಿಗೊ ಸಾಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ಅಪ್ಪನ ಶೂ ಕಾರ್ಖಾನೆಗೆ ಕೆಲಸ ಮಾಡಿದವರು. 1987ರಲ್ಲಿ ಅವರನ್ನು ಮಿಲಾನ್ ಕ್ಲಬ್ ಕರೆದಾಗ ಇದೇ ಪ್ರಶ್ನೆ ಎದ್ದಿತ್ತು. ಜಾಕಿ ಆಗುವುದಕ್ಕೆ ಮೊದಲು ಕುದುರೆಯಾಗಿ ಹುಟ್ಟಿರಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂತ ಅವರು ಕೊಟ್ಟ ಉತ್ತರ ಈಗಲೂ ಜನರ ಬಾಯಲ್ಲಿದೆ. ಆದರೆ ಆ ಉತ್ತರ ಪತ್ರಕರ್ತರಿಗೆ. ಆಟಗಾರರಿಗೆ ಅವರು ಕೊಟ್ಟ ಉತ್ತರ ಮೈದಾನದಲ್ಲಿ ಸಿಕ್ಕಿತು. ನನಗೆ ಅದೇ ಹೆಚ್ಚು ಇಷ್ಟ.

ರೂಡ್ ಗುಲ್ಲಿಟ್, ಮಾರ್ಕೊ ವಾನ್ ಬಾಸ್ಟನ್ ಇಬ್ಬರೂ ಆಗ ಜಗತ್ತಿನ ದೊಡ್ಡ ಆಟಗಾರರು. ಇಷ್ಟೊಂದು ಶಿಸ್ತಿನ ಡಿಫೆನ್ಸ್ ಕಸರತ್ತು ಯಾಕೆ ಎಂಬ ಅನುಮಾನ ಅವರಿಗಿತ್ತು. ಸಾಕಿ ವಾದ ಮಾಡಲಿಲ್ಲ. ಒಂದು ಕಡೆ ಐದೇ ಜನರನ್ನು ನಿಲ್ಲಿಸಿದರು: ಗೋಲ್‌ಕೀಪರ್ ಗಾಲಿ, ಮುಂದೆ ತಸೊತ್ತಿ, ಬರೇಸಿ, ಕೊಸ್ತಾಕುರ್ತ, ಮಾಲ್ದೀನಿ. ಇನ್ನೊಂದು ಕಡೆ ಹತ್ತು ಜನ, ಅವರಲ್ಲಿ ಗುಲ್ಲಿಟ್, ವಾನ್ ಬಾಸ್ಟನ್, ರೈಕಾರ್ಡ್, ದೊನದೋನಿ ಎಲ್ಲ ಇದ್ದರು. ಹದಿನೈದು ನಿಮಿಷ ಸಮಯ. ನಿಯಮ ಒಂದೇ. ಹತ್ತು ಜನ ಚೆಂಡು ಕಳೆದುಕೊಂಡರೆ ತಮ್ಮ ಅರ್ಧದೊಳಗೆ ಹತ್ತು ಮೀಟರ್ ಹಿಂದೆ ಹೋಗಿ ಮತ್ತೆ ಶುರು ಮಾಡಬೇಕು. ಈ ಕಸರತ್ತನ್ನು ಮತ್ತೆ ಮತ್ತೆ ಮಾಡಿಸಿದೆ, ಹತ್ತು ಜನ ಒಮ್ಮೆಯೂ ಗೋಲು ಹೊಡೆಯಲಿಲ್ಲ ಅಂತ ಸಾಕಿ ಹೇಳಿದ್ದಾರೆ. ಸಾಲು ಹಿಡಿದು ಒಟ್ಟಿಗೆ ಸರಿಯುವ ಐದು ಜನರ ಮುಂದೆ ಹೊಂದಾಣಿಕೆ ಇಲ್ಲದ ಹತ್ತು ಜನರ ಆಟ ನಡೆಯದು. ಅದನ್ನು ಅವರ ಕಾಲಿಗೇ ಗೊತ್ತಾಗುವ ಹಾಗೆ ಮಾಡಿದರು. 1988ರಲ್ಲಿ ಇಟಲಿಯ ಲೀಗ್, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಆ ತಂಡಕ್ಕೆ ಬಂದವು.

ಇನ್ನೊಂದು ತುದಿಯನ್ನೂ ನೋಡಿ. ಬಾಬಿ ಚಾರ್ಲ್‌ಟನ್ 1966ರ ವಿಶ್ವಕಪ್ ಗೆದ್ದ ಆಟಗಾರ. ಮ್ಯಾನೇಜರ್ ಆಗಿ ಪ್ರೆಸ್ಟನ್ ಕ್ಲಬ್‌ಗೆ ಹೋದರು. ಮೊದಲ ಋತುವಿನಲ್ಲೇ, 1974ರಲ್ಲಿ, ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. ಆಟಗಾರನಾಗಿಯೂ ಮ್ಯಾನೇಜರ್ ಆಗಿಯೂ ವಿಶ್ವಕಪ್ ಗೆದ್ದವರು ಮೂವರೇ: ಬ್ರೆಜಿಲ್‌ನ ಜಗಾಲೊ, ಜರ್ಮನಿಯ ಬೆಕೆನ್‌ಬಾವರ್, ಫ್ರಾನ್ಸಿನ ದೆಶಾಂಪ್. ನನಗೆ ಅನ್ನಿಸುವುದು ಇಷ್ಟು. ಸಹಜವಾಗಿ ಆಟ ಬಂದವರಿಗೆ, ಅದು ಬರದವರಿಗೆ ಹೇಗೆ ಕಲಿಸಬೇಕು ಅಂತ ಹೊಳೆಯುವುದು ಕಷ್ಟ. ಕಷ್ಟಪಟ್ಟು ಕಲಿತವರಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ.

ಪ್ರಶ್ನೆ: 4-4-2, 4-3-3, 3-5-2. ಇದರಲ್ಲಿ ಯಾವುದು ಒಳ್ಳೆಯದು? ದೊಡ್ಡ ಮ್ಯಾನೇಜರ್ ಒಂದನ್ನೇ ಹಿಡಿದುಕೊಳ್ಳಬೇಕಾ? (ಹೈಸ್ಕೂಲ್ ವಿದ್ಯಾರ್ಥಿ)

ಉತ್ತರ: ಪುಟ್ಟಾ, ಈ ಅಂಕಿಗಳು ಹಿಂದೆ, ಮಧ್ಯೆ, ಮುಂದೆ ಎಷ್ಟೆಷ್ಟು ಜನ ನಿಲ್ಲುತ್ತಾರೆ ಅಂತ ಹೇಳುತ್ತವೆ, ಅಷ್ಟೆ. ಒಳ್ಳೆಯದು ಅಂತ ಒಂದಿಲ್ಲ. ನಿನ್ನ ಹತ್ತಿರ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಕಾರ್ಲೊ ಆಂಚೆಲೊತ್ತಿ ಸಾಕಿ ಕೈಕೆಳಗೆ ಆಡಿದವರು. ಕೋಚ್ ಆದ ಶುರುವಿನಲ್ಲಿ 4-4-2 ಅಂದರೆ ಅವರಿಗೆ ಪ್ರಾಣ. 1997ರಲ್ಲಿ ಪಾರ್ಮ ಕ್ಲಬ್‌ನಲ್ಲಿದ್ದಾಗ ರೊಬೆರ್ತೊ ಬಾಜಿಯೊ ಬರಲು ತಯಾರಿದ್ದರು. ಅವರಿಗೆ ಸ್ಟ್ರೈಕರ್‌ಗಳ ಹಿಂದೆ ಆಡುವ ಆಸೆ. ತನ್ನ 4-4-2ದಲ್ಲಿ ಅಂಥ ಜಾಗವೇ ಇಲ್ಲ ಅಂತ ಆಂಚೆಲೊತ್ತಿ ಬೇಡ ಎಂದರು. ಬಾಜಿಯೊ ಬೊಲೋನ್ಯಕ್ಕೆ ಹೋಗಿ ಆ ಋತುವಿನ ಲೀಗಿನಲ್ಲಿ 22 ಗೋಲು ಹೊಡೆದರು. ಅದು ತಪ್ಪಾಗಿತ್ತು ಅಂತ ಆಂಚೆಲೊತ್ತಿ ಆಮೇಲೆ ಬಾಯಿಬಿಟ್ಟು ಹೇಳಿದರು. ಯುವೆಂಟಸ್‌ಗೆ ಹೋದಾಗ ಅಲ್ಲಿ ಜಿದಾನ್ ಇದ್ದರು, ಅವರದ್ದೂ ಸ್ಟ್ರೈಕರ್‌ಗಳ ಹಿಂದಿನ ಆಟವೇ. ಈ ಸಲ ಜಿದಾನ್‌ಗೆ ತಕ್ಕ ಹಾಗೆ ತಂಡದ ಜೋಡಣೆಯನ್ನೇ ಬದಲಾಯಿಸಿದರು. ಆಮೇಲೆ ಮಿಲಾನ್‌ನಲ್ಲಿ ಪಿರ್ಲೊ ಅವರನ್ನು ಡಿಫೆನ್ಸ್ ಮುಂದೆ ಆಳದಲ್ಲಿ ನಿಲ್ಲಿಸಿ ಅಲ್ಲಿಂದಲೇ ಇಡೀ ಆಟ ಕಟ್ಟಿದರು. ಇವತ್ತು ಆಂಚೆಲೊತ್ತಿ ಹೆಸರಲ್ಲಿ ಐದು ಚಾಂಪಿಯನ್ಸ್ ಲೀಗ್ ಕಪ್‌ಗಳಿವೆ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ಕಡೆ ಲೀಗ್ ಗೆದ್ದ ಮ್ಯಾನೇಜರ್ ಅವರೊಬ್ಬರೇ. ಪಾರ್ಮದಲ್ಲಿ ಹಿಡಿದ ಹಟವನ್ನೇ ಹಿಡಿದುಕೊಂಡಿದ್ದರೆ ಇದು ಆಗುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ: ದುಡ್ಡಿರುವ ಕ್ಲಬ್ ಗೆಲ್ಲುತ್ತದೆ. ಮ್ಯಾನೇಜರ್ ಹೆಸರಿಗೆ ಮಾತ್ರ ಅಲ್ವಾ? (ನಿವೃತ್ತ ಲೆಕ್ಕಪರಿಶೋಧಕರು)

ಉತ್ತರ: ಅರ್ಧಕ್ಕಿಂತ ಜಾಸ್ತಿ ನಿಮ್ಮ ಮಾತೇ ಸರಿ ಸಾರ್. ಆಟಗಾರರ ಸಂಬಳಕ್ಕೆ ಯಾವ ಕ್ಲಬ್ ಹೆಚ್ಚು ಖರ್ಚು ಮಾಡುತ್ತದೋ ಅದು ವರ್ಷಗಟ್ಟಲೆ ಲೆಕ್ಕದಲ್ಲಿ ಮೇಲಿರುತ್ತದೆ ಅಂತ ಅರ್ಥಶಾಸ್ತ್ರದವರು ತೋರಿಸಿದ್ದಾರೆ. ಅದಕ್ಕೇ ಮ್ಯಾನೇಜರ್‌ನ ಅಳತೆ ಮಾಡುವಾಗ ಬರೀ ಕಪ್ ಎಣಿಸಬಾರದು. ಕೈಗೆ ಸಿಕ್ಕ ಸರಕಿನಿಂದ ಎಷ್ಟು ತೆಗೆದ ಅಂತ ನೋಡಬೇಕು.

ಗ್ರೀಸ್ ತಂಡ 2004ರ ಯೂರೊ ಕಪ್‌ಗೆ (ಯುರೋಪಿನ ದೇಶಗಳ ಟೂರ್ನಿ) ಬರುವ ಮೊದಲು ಯಾವ ದೊಡ್ಡ ಟೂರ್ನಿಯಲ್ಲೂ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. 1994ರ ವಿಶ್ವಕಪ್‌ನಲ್ಲಂತೂ ಮೂರೂ ಪಂದ್ಯ ಸೋತಿತ್ತು, ಒಂದು ಗೋಲೂ ಹೊಡೆದಿರಲಿಲ್ಲ. ಜರ್ಮನಿಯ ಒಟ್ಟೊ ರೆಹಾಗಲ್ ಆ ತಂಡದಿಂದ ಫ್ರಾನ್ಸ್, ಚೆಕ್, ಪೋರ್ಚುಗಲ್ ಮೂವರನ್ನೂ 1-0 ಅಂತರದಲ್ಲಿ ಸೋಲಿಸಿ ಕಪ್ ಎತ್ತಿಸಿದರು. ನೋಡುವುದಕ್ಕೆ ಚಂದ ಇರಲಿಲ್ಲ ಅಂತ ಬೈದವರಿದ್ದಾರೆ. ನಾನು ಆ ಗುಂಪಿನಲ್ಲಿಲ್ಲ. ತನ್ನ ಹುಡುಗರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಅಂತ ಅಷ್ಟು ಖಚಿತವಾಗಿ ತಿಳಿದುಕೊಂಡವರು ಅಪರೂಪ.

2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಲೀಗ್ ಗೆದ್ದದ್ದು ನಿಮಗೆ ಗೊತ್ತೇ ಇರುತ್ತದೆ. ಕ್ಲಾಡಿಯೊ ರಾನಿಯೇರಿ ಬಂದ ಕೂಡಲೇ ತಮ್ಮ ಇಟಲಿಯ ಪಾಠವನ್ನೆಲ್ಲ ಹೇರಲಿಲ್ಲ. ಈ ಆಟಗಾರರಿಗೆ ತಂತ್ರದ ಮಾತು ಜಾಸ್ತಿಯಾದರೆ ಭಯ ಅಂತ ಗುರುತಿಸಿದರು, ಕಡಿಮೆ ಮಾತಾಡಿದರು. ಓಡುವ ತಂಡವನ್ನು ಓಡಲು ಬಿಟ್ಟರು. ಗೆದ್ದು ಒಂಬತ್ತು ತಿಂಗಳಿಗೆ ಅವರನ್ನು ಕೆಲಸದಿಂದ ತೆಗೆದರು. ನನಗೆ ಅದು ಇವತ್ತಿಗೂ ಬೇಜಾರು.

ಪ್ರಶ್ನೆ: ಸರ್, ನನ್ನ ಮಗ ಶಾಲಾ ತಂಡದಲ್ಲಿದ್ದಾನೆ, ಆದರೆ ಸದಾ ಬೆಂಚಿನಲ್ಲೇ. ಮನೆಗೆ ಬಂದರೆ ಮಾತೇ ಇಲ್ಲ. ದೊಡ್ಡ ಮ್ಯಾನೇಜರ್‌ಗಳು ಬೆಂಚಿನವರನ್ನು ಹೇಗೆ ನೋಡಿಕೊಳ್ಳುತ್ತಾರೆ? (ಒಬ್ಬ ತಾಯಿ)

ಉತ್ತರ: ಅಮ್ಮಾ, ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ನನ್ನನ್ನು ಹಿಡಿದು ಕೂರಿಸಿದ್ದು. ಹನ್ನೊಂದು ಜನರನ್ನು ಆಡಿಸುವುದು ಅಷ್ಟು ಕಷ್ಟ ಅಲ್ಲ. ಆಡದೆ ಉಳಿದವರನ್ನು ತಂಡದ ಒಳಗೇ ಇಟ್ಟುಕೊಳ್ಳುವುದು ಕಷ್ಟ. ಮ್ಯಾನೇಜರ್ ದೊಡ್ಡವನೋ ಸಣ್ಣವನೋ ಅಂತ ನನಗೆ ಗೊತ್ತಾಗುವುದು ಅಲ್ಲೇ.

ಸರೀನಾ ವೀಗ್ಮನ್ ಎಂಬ ಕೋಚ್ ಇದ್ದಾರೆ. 2017ರಲ್ಲಿ ನೆದರ್ಲೆಂಡ್ಸ್ ಮಹಿಳಾ ತಂಡಕ್ಕೆ, 2022 ಮತ್ತು 2025ರಲ್ಲಿ ಇಂಗ್ಲೆಂಡ್ ಮಹಿಳಾ ತಂಡಕ್ಕೆ ಯೂರೊ ಕಪ್ ಗೆಲ್ಲಿಸಿಕೊಟ್ಟವರು. 2022ರ ಆರೂ ಪಂದ್ಯಗಳನ್ನು ಅವರು ಅದೇ ಹನ್ನೊಂದು ಜನರಿಂದ ಶುರು ಮಾಡಿದರು. ಒಬ್ಬರನ್ನೂ ಬದಲಿಸಲಿಲ್ಲ. ಉಳಿದವರಿಗೆ ಎಷ್ಟು ಸಂಕಟ ಆಗಿರಬೇಕು ಯೋಚಿಸಿ. ಆದರೆ ಬೆಂಚಿನಲ್ಲಿದ್ದವರಿಗೆ ತಮ್ಮ ಕೆಲಸ ಏನು, ಯಾವಾಗ ಬರುತ್ತದೆ ಅಂತ ಗೊತ್ತಿತ್ತು. ಅಲೆಸಿಯಾ ರುಸ್ಸೊ ಬೆಂಚಿನಿಂದ ಬಂದು ಬಂದೇ ನಾಲ್ಕು ಗೋಲು ಹೊಡೆದರು. ಜರ್ಮನಿ ವಿರುದ್ಧದ ಫೈನಲ್‌ನಲ್ಲಿ ಇಂಗ್ಲೆಂಡ್‌ನ ಎರಡೂ ಗೋಲು ಬದಲಿ ಆಟಗಾರ್ತಿಯರದ್ದೇ. ಮೊದಲು ಎಲಾ ಟೂನ್, ಆಮೇಲೆ 110ನೇ ನಿಮಿಷದಲ್ಲಿ ಕ್ಲೋಯಿ ಕೆಲ್ಲಿ.

ಇನ್ನೊಬ್ಬರು ಉಲೆ ಗುನ್ನಾರ್ ಸುಲ್‌ಶಾರ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಈ ಆಟಗಾರನನ್ನು ಎಷ್ಟೋ ಸಲ ಬೆಂಚಿನಲ್ಲಿ ಕೂರಿಸಿದರು. ಸುಲ್‌ಶಾರ್ ಕೂತಲ್ಲೇ ಎದುರಾಳಿ ಡಿಫೆಂಡರ್‌ಗಳನ್ನು ಓದುತ್ತಿದ್ದರು. ಯಾರು ಎಲ್ಲಿ ತಡವಾಗಿ ತಿರುಗುತ್ತಾರೆ, ಎಲ್ಲಿ ಜಾಗ ಬಿಡುತ್ತಾರೆ. 1999ರ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಕೊನೆಗೆ ಇಳಿದು ನಾಲ್ಕು ಗೋಲು ಹೊಡೆದರು. ಅದೇ ವರ್ಷದ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೆಯ ಗೋಲೂ ಅವರದ್ದೇ. ಬಯರ್ನ್ ವಿರುದ್ಧ 90 ನಿಮಿಷ ಮುಗಿದಾಗ ಯುನೈಟೆಡ್ 0-1 ಹಿಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಶೆರಿಂಗ್‌ಹ್ಯಾಮ್, ಸುಲ್‌ಶಾರ್ ಒಬ್ಬರ ಹಿಂದೆ ಒಬ್ಬರು ಹೊಡೆದರು. ಇಬ್ಬರೂ ಬೆಂಚಿನಿಂದ ಎದ್ದು ಬಂದವರು.

ನಾನು ಹದಿನಾಲ್ಕು ವರ್ಷದೊಳಗಿನ ಮಕ್ಕಳ ತಂಡ ನೋಡಿಕೊಳ್ಳುತ್ತಿದ್ದಾಗ ಒಬ್ಬ ಹುಡುಗ ಇದ್ದ. ತುಂಬ ಸಣ್ಣ ಮೈಕಟ್ಟು, ಆಡಲು ಸಿಗುತ್ತಿದ್ದದ್ದು ಕೊನೆಯ ಹತ್ತು ನಿಮಿಷ. ಅವನು ನನ್ನ ಪಕ್ಕ ನಿಂತು ಒಂದು ದಿನ ಮೆಲ್ಲಗೆ ಹೇಳಿದ: "ಸರ್, ಅವರ ಗೋಲ್‌ಕೀಪರ್ ಕಾರ್ನರ್ ಬಂದಾಗೆಲ್ಲ ಎರಡು ಹೆಜ್ಜೆ ಮುಂದೆ ಬರ್ತಾನೆ, ಆಮೇಲೆ ಹಿಂದೆ ಹೋಗ್ತಾನೆ." ನಾನು ಗಮನಿಸಿರಲೇ ಇಲ್ಲ. ಆಮೇಲಿಂದ ಪ್ರತಿ ಪಂದ್ಯದ ಅರ್ಧ ಸಮಯದಲ್ಲಿ ಬೆಂಚಿನ ಮಕ್ಕಳನ್ನು ಮೊದಲು ಮಾತಾಡಿಸುವುದು ರೂಢಿಯಾಯಿತು. ಏನು ಕಂಡಿತು ಹೇಳಿ ಅಂತ. ಅವರ ಮುಖವೇ ಬದಲಾಗುತ್ತಿತ್ತು.

ನಿಮ್ಮ ಮಗನಿಗೆ ಇಷ್ಟು ಹೇಳಿ. ಕೋಚ್ ಹತ್ತಿರ ಹೋಗಿ "ಯಾಕೆ ಆಡಿಸಲಿಲ್ಲ?" ಅಂತ ಕೇಳುವುದು ಬೇಡ. "ನಾನು ಯಾವುದನ್ನು ಸರಿ ಮಾಡಿಕೊಂಡರೆ ಆಡಿಸ್ತೀರಿ?" ಅಂತ ಕೇಳಲಿ. ಒಳ್ಳೆಯ ಕೋಚ್ ಆದರೆ ಥಟ್ಟನೆ ಉತ್ತರ ಕೊಡುತ್ತಾರೆ. ಉತ್ತರವೇ ಇಲ್ಲದಿದ್ದರೆ ತೊಂದರೆ ನಿಮ್ಮ ಮಗನದ್ದಲ್ಲ.

ಪ್ರಶ್ನೆ: ಕೂಗಾಡುವ ಮ್ಯಾನೇಜರ್ ಒಳ್ಳೆಯವನೋ, ಸುಮ್ನೆ ಇರುವವನೋ?

ಉತ್ತರ: ಎರಡೂ ನಡೆಯುತ್ತದೆ. ಫರ್ಗ್ಯುಸನ್ ಬೈದರೆ ಮುಖಕ್ಕೆ ಬಿಸಿಗಾಳಿ ಹೊಡೆದ ಹಾಗಿರುತ್ತಿತ್ತು ಅಂತ ಅವರ ಆಟಗಾರರೇ ಹೇಳುತ್ತಾರೆ. ಸ್ಪೇನ್‌ಗೆ 2010ರ ವಿಶ್ವಕಪ್ ಗೆಲ್ಲಿಸಿದ ವಿಸೆಂಟೆ ದೆಲ್ ಬೊಸ್ಕೆ ಮೀಸೆಯಡಿಯಲ್ಲೇ ಮಾತಾಡುವವರು. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್‌ಗೆ 0-1 ಸೋತರು. ದೇಶವೆಲ್ಲ ಗಲಾಟೆ ಎದ್ದರೂ ಅವರು ಗಾಬರಿಯಾಗಲಿಲ್ಲ, ತಂಡವನ್ನು ಬುಡಮೇಲು ಮಾಡಲಿಲ್ಲ. ಆಮೇಲೆ ಒಂದನ್ನೂ ಸೋಲಲಿಲ್ಲ. ದನಿ ದೊಡ್ಡದೋ ಸಣ್ಣದೋ ಮುಖ್ಯವಲ್ಲ. ಯಾರಿಗೆ ಬೈಗುಳ ನಾಟುತ್ತದೆ, ಯಾರು ಬೈದರೆ ಮುದುಡುತ್ತಾರೆ ಅಂತ ಗೊತ್ತಿರಬೇಕು.

ಪ್ರಶ್ನೆ: ಪಂದ್ಯದ ನಡುವೆ ಮ್ಯಾನೇಜರ್ ಮಾಡಿದ ಅತಿ ದಿಟ್ಟ ನಿರ್ಧಾರ ಯಾವುದು? (ಆಟೊ ಚಾಲಕರು)

ಉತ್ತರ: ನನ್ನ ಮೆಚ್ಚಿನವು ಎರಡು.

2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್. ನೆದರ್ಲೆಂಡ್ಸ್, ಕೋಸ್ಟರೀಕ, 0-0. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿದೆ. ನೆದರ್ಲೆಂಡ್ಸ್ ಮ್ಯಾನೇಜರ್ ಲೂಯಿ ವಾನ್ ಗಾಲ್, ಆಟಗಾರರನ್ನು ಬದಲಿಸುವ ಮೂರು ಅವಕಾಶಗಳಲ್ಲಿ ಒಂದನ್ನು ಉಳಿಸಿಕೊಂಡೇ ಇದ್ದರು. ಕೊನೆಯ ಕ್ಷಣದಲ್ಲಿ ಗೋಲ್‌ಕೀಪರ್ ಸಿಲೆಸೆನ್ ಅವರನ್ನು ಹೊರಗೆ ಕರೆದು ಟಿಮ್ ಕ್ರೂಲ್ ಅವರನ್ನು ಇಳಿಸಿದರು, ಬರೀ ಪೆನಾಲ್ಟಿ ಶೂಟೌಟ್‌ಗೆ. ಕ್ರೂಲ್‌ಗೆ ಮೊದಲೇ ತಿಳಿಸಿದ್ದರು. ಸಿಲೆಸೆನ್‌ಗೆ ಹೇಳಿರಲಿಲ್ಲ, ಹೇಳಿದರೆ ಅವರ ಆಟ ಕೆಡುತ್ತದೆ ಅಂತ. ಕ್ರೂಲ್ ಎರಡು ತಡೆದರು, ನೆದರ್ಲೆಂಡ್ಸ್ 4-3 ಗೆದ್ದಿತು. ಮುಂದಿನ ಪಂದ್ಯದಲ್ಲಿ ಅರ್ಜೆಂಟೀನ ವಿರುದ್ಧವೂ ಶೂಟೌಟ್ ಬಂತು. ಅಷ್ಟರಲ್ಲಿ ಮೂರೂ ಬದಲಾವಣೆ ಮುಗಿದಿದ್ದವು. ಸೋತರು.

ಇನ್ನೊಂದು 1962ರ ಜಕಾರ್ತ ಏಷ್ಯನ್ ಗೇಮ್ಸ್. ಭಾರತ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ. ಥಾಯ್ಲೆಂಡ್ ವಿರುದ್ಧ ಆಡುವಾಗ ಡಿಫೆನ್ಸ್‌ನ ಕಂಬದಂತಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ವಿಶ್ರಾಂತಿ ಕೊಡುತ್ತಿದ್ದರು, ಇಲ್ಲವೇ ಹಾಗೇ ಹಿಂದೆ ನಿಲ್ಲಿಸುತ್ತಿದ್ದರು. ರಹೀಂ ಮಾತ್ರ ಜರ್ನೈಲ್ ಅವರನ್ನು ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಮಾಡಿದರು, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವ ಜಾಗಕ್ಕೆ! ಜರ್ನೈಲ್ ಅಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲೂ ಹೊಡೆದರು. 2-1, ಚಿನ್ನ. ಟೂರ್ನಿಯ ಮೊದಲ ಪಂದ್ಯದಲ್ಲಿ ಇದೇ ಕೊರಿಯಾಗೆ 0-2 ಸೋತಿದ್ದರು ಎಂಬುದನ್ನೂ ನೆನಪಿಡಿ. ರಹೀಂ ಆಗಲೇ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಮರುವರ್ಷ ತೀರಿಕೊಂಡರು.

ಪ್ರಶ್ನೆ: ಒಂದು ಕಡೆ ಗೆದ್ದ ಮ್ಯಾನೇಜರ್ ಇನ್ನೊಂದು ಕಡೆ ಮಕಾಡೆ ಮಲಗುವುದು ಯಾಕೆ? (ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಮೇಲೆ ಹೇಳಿದ ಅದೇ ಕ್ಲಫ್, ಫಾರೆಸ್ಟ್‌ಗೆ ಬರುವ ಮೊದಲು, 1974ರಲ್ಲಿ ಲೀಡ್ಸ್ ಯುನೈಟೆಡ್‌ಗೆ ಹೋಗಿದ್ದರು. ಆಗ ಲೀಡ್ಸ್ ಇಂಗ್ಲೆಂಡಿನ ಚಾಂಪಿಯನ್. ನಿಮ್ಮ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಎಸೆಯಿರಿ, ನೀವು ಅವನ್ನು ನ್ಯಾಯವಾಗಿ ಗೆದ್ದಿಲ್ಲ ಅಂತ ಆಟಗಾರರಿಗೆ ಹೇಳಿಬಿಟ್ಟರು. 44 ದಿನಕ್ಕೆ ಕೆಲಸ ಹೋಯಿತು. ಅಲ್ಲಿ ಟೇಲರ್ ಜೊತೆಗಿರಲಿಲ್ಲ ಅನ್ನುವುದು ನನಗೆ ದೊಡ್ಡ ವಿಷಯ. ಒಬ್ಬರಿಗೆ ಮಾತು, ಇನ್ನೊಬ್ಬರಿಗೆ ಕಣ್ಣು. 1982ರಲ್ಲಿ ಇಬ್ಬರೂ ಬೇರೆಯಾದ ಮೇಲೆ ಕ್ಲಫ್ ಮತ್ತೆ ಲೀಗ್ ಗೆಲ್ಲಲೇ ಇಲ್ಲ.

ಕೆಲವರಿಗೆ ಒಂದೇ ಜಾಗದಲ್ಲಿ ಕಾಲ ಕಳೆದ ಹಾಗೆ ಮಾತು ಹಳಸುತ್ತದೆ. ಬೆನ್ಫಿಕಾಗೆ 1961, 1962ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿದ ಬೇಲಾ ಗುಟ್ಮನ್, ಮೂರನೇ ವರ್ಷವೇ ಮಾರಕ ಅನ್ನುತ್ತಿದ್ದರು.

ಪ್ರಶ್ನೆ: ಹಾಗಾದರೆ ಫರ್ಗ್ಯುಸನ್ ಒಂದೇ ಕ್ಲಬ್‌ನಲ್ಲಿ 26 ವರ್ಷ ಹೇಗೆ ಉಳಿದರು?

ಉತ್ತರ: ತಂಡ ಮುದಿಯಾಗುವ ಮೊದಲೇ ಅದನ್ನು ಒಡೆಯುತ್ತಿದ್ದರು. ಎಲ್ಲಕ್ಕಿಂತ ಕಷ್ಟದ ಕೆಲಸ ಅದು. ಯಾಕೆಂದರೆ ಗೆದ್ದುಕೊಟ್ಟವರನ್ನೇ ಕಳಿಸಬೇಕು.

1995ರ ಬೇಸಿಗೆಯಲ್ಲಿ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂದ್ರೆ ಕಾಂಚೆಲ್ಸ್‌ಕಿಸ್ ಮೂವರೂ ಹೊರಟರು. ಅವರ ಜಾಗಕ್ಕೆ ದೊಡ್ಡ ಹೆಸರು ಯಾರನ್ನೂ ಕೊಳ್ಳಲಿಲ್ಲ. ಕ್ಲಬ್‌ನಲ್ಲೇ ಬೆಳೆದ ಬೆಕ್‌ಹ್ಯಾಮ್, ಸ್ಕೋಲ್ಸ್, ಬಟ್, ನೆವಿಲ್ ಸಹೋದರರನ್ನು ಇಳಿಸಿದರು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲಾ 3-1ರಿಂದ ಬಡಿಯಿತು. ಹುಡುಗರನ್ನು ಕಟ್ಟಿಕೊಂಡು ಏನೂ ಗೆಲ್ಲೋಕಾಗಲ್ಲ ಅಂತ ಟಿವಿಯಲ್ಲಿ ಅಲನ್ ಹ್ಯಾನ್ಸನ್ ಹೇಳಿದರು. ಆ ವರ್ಷ ಲೀಗ್, ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಕಪ್) ಎರಡೂ ಯುನೈಟೆಡ್‌ಗೇ ಬಂದವು.

ಕ್ಲಬ್ ಕಾದದ್ದನ್ನೂ ಹೇಳಲೇಬೇಕು. 1986ರ ನವೆಂಬರ್‌ನಲ್ಲಿ ಬಂದವರಿಗೆ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ, ಮೊದಲ ಲೀಗ್ 1993ರಲ್ಲಿ. ಇವತ್ತಾಗಿದ್ದರೆ ಎರಡನೇ ವರ್ಷಕ್ಕೇ ಬಾಗಿಲು ತೋರಿಸುತ್ತಿದ್ದರು.

ಪ್ರಶ್ನೆ: ಗೆಲುವಿಗಿಂತ ನ್ಯಾಯ ಮುಖ್ಯ ಅಂದ ಮ್ಯಾನೇಜರ್ ಯಾರಾದರೂ ಇದ್ದಾರಾ? (ದೈಹಿಕ ಶಿಕ್ಷಣ ಶಿಕ್ಷಕರು)

ಉತ್ತರ: ಇದ್ದಾರೆ ಮೇಷ್ಟ್ರೇ, ಮಾರ್ಸೆಲೊ ಬಿಯೆಲ್ಸ. 2019ರ ಏಪ್ರಿಲ್‌ನಲ್ಲಿ ಅವರ ಲೀಡ್ಸ್ ತಂಡ ಮೇಲಿನ ಡಿವಿಷನ್‌ಗೆ ಏರಲು ಹೆಣಗುತ್ತಿತ್ತು. ಆಸ್ಟನ್ ವಿಲಾ ಆಟಗಾರ ಗಾಯಗೊಂಡು ಬಿದ್ದಿದ್ದಾಗ ಲೀಡ್ಸ್ ಗೋಲು ಹೊಡೆಯಿತು. ಜಗಳ ಶುರುವಾಯಿತು. ಬಿಯೆಲ್ಸ ಗೆರೆ ಪಕ್ಕದಿಂದ ಕೂಗಿ, ವಿಲಾಗೆ ಒಂದು ಗೋಲು ಹೊಡೆಯಲು ಬಿಡಿ ಎಂದರು. ಲೀಡ್ಸ್‌ನ ಒಬ್ಬ ಡಿಫೆಂಡರ್‌ಗೆ ಅದು ಒಪ್ಪಿಗೆಯಾಗಲಿಲ್ಲ, ಅಡ್ಡ ಹೋಗಲು ನೋಡಿದರು. ಆದರೂ ಗೋಲಾಯಿತು, ಪಂದ್ಯ 1-1. ಆ ವರ್ಷ ಲೀಡ್ಸ್ ಏರಲಿಲ್ಲ, ಮರುವರ್ಷ ಏರಿತು. ಇದೇ ಬಿಯೆಲ್ಸ ಲೀಡ್ಸ್‌ನ ಆಟಗಾರರಿಂದ ಮೂರು ಗಂಟೆ ಕಸ ಹೆಕ್ಕಿಸಿದ್ದರು. ಒಬ್ಬ ಅಭಿಮಾನಿ ಟಿಕೆಟ್ ಕೊಳ್ಳಲು ಸುಮಾರು ಅಷ್ಟು ಹೊತ್ತು ದುಡಿಯಬೇಕು, ಅದು ಇವರಿಗೆ ಗೊತ್ತಿರಲಿ ಅಂತ. ಕಪ್ ಲೆಕ್ಕದಲ್ಲಿ ಅವರು ಸಣ್ಣವರು. ನನ್ನ ಲೆಕ್ಕ ಬೇರೆ.

ಪ್ರಶ್ನೆ: ಈ ಕಣ್ಣು ಹುಟ್ಟಿನಿಂದ ಬರುತ್ತದಾ, ಕಲಿಯಬಹುದಾ? ನಾವು ಟಿವಿ ಮುಂದೆ ಕೂತು ಮ್ಯಾನೇಜರ್ ಕೆಲಸವನ್ನು ಗುರುತಿಸುವುದು ಹೇಗೆ? (ಕೋಚ್ ಆಗಬೇಕೆಂದಿರುವ ಯುವಕ)

ಉತ್ತರ: ಕಲಿಯಬಹುದು. ಫರ್ಗ್ಯುಸನ್‌ರೂ ಕಲಿತದ್ದೇ. ಅಬರ್ಡೀನ್ ಕ್ಲಬ್‌ನಲ್ಲಿದ್ದಾಗ ಎಲ್ಲ ಅಭ್ಯಾಸವನ್ನೂ ತಾವೇ ಮಾಡಿಸುತ್ತಿದ್ದರು. ನೀವು ಸ್ವಲ್ಪ ದೂರ ನಿಲ್ಲಿ, ಅಭ್ಯಾಸ ನಾವು ಮಾಡಿಸುತ್ತೇವೆ ಅಂತ ಸಹಾಯಕರು ಹೇಳಿದಾಗ ಮೊದಲು ಮನಸ್ಸಿರಲಿಲ್ಲ. ಒಪ್ಪಿ ದೂರ ನಿಂತ ಮೇಲೆ ಬೇರೆಯದೇ ಕಾಣತೊಡಗಿತು. ಯಾರ ಉತ್ಸಾಹ ಇಳಿದಿದೆ, ಯಾರ ನಡವಳಿಕೆ ಬದಲಾಗಿದೆ, ಯಾರು ನೋವು ಮುಚ್ಚಿಟ್ಟು ಓಡುತ್ತಿದ್ದಾರೆ. ವಿಸಿಲ್ ಊದುತ್ತ ನಡುವೆ ನಿಂತಾಗ ಇದು ಕಾಣುವುದಿಲ್ಲ. ನೀವೂ ತರಬೇತಿ ಶುರು ಮಾಡಿದರೆ ವಾರಕ್ಕೊಮ್ಮೆಯಾದರೂ ವಿಸಿಲ್ ಇನ್ನೊಬ್ಬರ ಕೈಗೆ ಕೊಟ್ಟು ಮೂಲೆಯಲ್ಲಿ ನಿಂತು ನೋಡಿ.

ಟಿವಿ ಮುಂದೆ ಕೂತಾಗ ಮೊದಲ ಹತ್ತು ನಿಮಿಷ ಚೆಂಡನ್ನು ನೋಡಬೇಡಿ, ಚೆಂಡಿಲ್ಲದ ತಂಡವನ್ನು ನೋಡಿ. ಸಾಲುಗಳ ನಡುವೆ ಎಷ್ಟು ದೂರ ಇದೆ? ಚೆಂಡು ಕಳೆದುಕೊಂಡ ಕೂಡಲೇ ಮುನ್ನುಗ್ಗುತ್ತಾರಾ, ಹಿಂದೆ ಓಡುತ್ತಾರಾ? ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದರೆ ಅದು ಅಭ್ಯಾಸದಲ್ಲಿ ಕಲಿಸಿದ್ದು. ಹೊರಗೆ ಬರುವ ಆಟಗಾರ ಎಲ್ಲಿ ಹೋಗಿ ಕೂರುತ್ತಾನೆ, ಪಕ್ಕದವನ ಜೊತೆ ಮಾತಾಡುತ್ತಾನಾ ಅಂತಲೂ ನೋಡಿ.

ಆಮೇಲೆ, ಯಾರೂ ಲೆಕ್ಕಕ್ಕಿಡದ ಸಣ್ಣ ವಿಷಯಗಳು. 2018ರಲ್ಲಿ ಆಗಿನ ಮ್ಯಾನೇಜರ್ ಯೂರ್ಗನ್ ಕ್ಲಾಪ್ ಲಿವರ್‌ಪೂಲ್‌ಗೆ ಥ್ರೋ-ಇನ್ (ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ಕಲಿಸಲೆಂದೇ ಥಾಮಸ್ ಗ್ರೊನೆಮಾರ್ಕ್ ಎಂಬ ಕೋಚನ್ನು ತಂದರು. ಜನ ನಕ್ಕರು. 2019ರ ಮೇ ತಿಂಗಳಲ್ಲಿ ಬಾರ್ಸಿಲೋನ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು 0-3 ಸೋತು ಎರಡನೆಯದಕ್ಕೆ ಇಳಿದಾಗಲೂ ಇಂಥದ್ದೇ ಒಂದು ಸಣ್ಣ ಸಿದ್ಧತೆ ಇತ್ತು. ಆಟ ನಿಂತಾಗ ಬಾರ್ಸಿಲೋನ ಆಟಗಾರರು ಮೈಮರೆಯುತ್ತಾರೆ ಅಂತ ವಿಡಿಯೊ ನೋಡುವವರು ಗುರುತಿಸಿದ್ದರು. ಗೆರೆ ಹೊರಗೆ ಚೆಂಡು ಕೊಡುವ ಹುಡುಗರಿಗೆ ಬೇಗ ಬೇಗ ಕೊಡಿ ಅಂತ ಮೊದಲೇ ಹೇಳಿದ್ದರು. 79ನೇ ನಿಮಿಷದ ಕಾರ್ನರ್‌ನಲ್ಲಿ ಬಾರ್ಸಿಲೋನದವರು ಇನ್ನೂ ಬೆನ್ನು ತಿರುಗಿಸಿಕೊಂಡಿದ್ದಾಗಲೇ ಅಲೆಕ್ಸಾಂಡರ್-ಆರ್ನಲ್ಡ್ ಚೆಂಡು ಒದ್ದಾಗಿತ್ತು, ಒರಿಗಿ ಗೋಲು ಹೊಡೆದಾಗಿತ್ತು. 4-0, ಎರಡೂ ಪಂದ್ಯದ ಗೋಲು ಕೂಡಿಸಿದರೆ ಲಿವರ್‌ಪೂಲ್ ಮುಂದೆ.

ಮುಂದಿನ ವಾರ ಯಾವುದಾದರೂ ಒಂದು ಪಂದ್ಯದಲ್ಲಿ ಥ್ರೋ-ಇನ್ ಮತ್ತು ಕಾರ್ನರ್‌ಗಳನ್ನು ಮಾತ್ರ ಗಮನಿಸಿ. ಎಸೆಯುವ ಮುಂಚೆ ಯಾರು ಯಾವ ಕಡೆ ಸರಿದರು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ನನಗೆ ಕಳಿಸಿ. ಚೆನ್ನಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಚಿತ್ರದ ಸಮೇತ ಹಾಕೋಣ.